ಬೇಸಿಗೆ ರಜೆಯಲ್ಲಿ ಹಳೆಯ ಪುಸ್ತಕ ಮತ್ತೆ ಓದುವವರು ಯಾರೆಲ್ಲ ಇದ್ದೀರಿ?

ಕಲ್ಯಾಣಪುರದಾಕೆ · ಮೇ 3, ಮಧ್ಯಾಹ್ನ 3.20

ಎಲ್ಲರಿಗೂ ನಮಸ್ಕಾರ. ಎರಡು ವಾರ ರಜೆ ಹಾಕಿ ಅಮ್ಮನ ಮನೆಗೆ ಬಂದಿದ್ದೇನೆ. ಮಧ್ಯಾಹ್ನ ಹೊರಗೆ ಕಾಲಿಡಲಿಕ್ಕಾಗದ ಸೆಕೆ. ಬೆಳಿಗ್ಗೆ ಹಲಸಿನ ಹಪ್ಪಳ ಒತ್ತಿ ಅಂಗಳದಲ್ಲಿ ಓಲೆಚಾಪೆಯ ಮೇಲೆ ಒಣಗಲಿಕ್ಕೆ ಹಾಕಿದೆವು. ಅದರ ಪಕ್ಕದಲ್ಲೇ ಇನ್ನೊಂದು ಚಾಪೆ ಹಾಸಿ, ಅಟ್ಟದಿಂದ ಒಂದು ಗೋಣಿ ಪುಸ್ತಕ ಇಳಿಸಿ ಅಮ್ಮ ಬಿಸಿಲಿಗೆ ಹರಡಿದರು. ಪ್ರತಿ ವರ್ಷ ಮಳೆಗೆ ಮುಂಚೆ ಹೀಗೆ ಮಾಡುತ್ತಾರೆ. ಇಲ್ಲದಿದ್ದರೆ ಮಳೆಗಾಲದ ಆಟಿ ತಿಂಗಳಲ್ಲಿ ಪೂರ್ತಿ ಬೂಷ್ಟು ಹಿಡಿಯುತ್ತದೆ.

ಕಾಗೆ ಓಡಿಸುವ ಕೆಲಸ ನನ್ನದು. ಕೋಲು ಹಿಡಿದು ಜಗಲಿಯಲ್ಲಿ ಕೂತವಳು ಸುಮ್ನೆ ಕೈಗೆ ಸಿಕ್ಕಿದ ಪುಸ್ತಕ ಎತ್ತಿಕೊಂಡೆ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'. ಡಿಗ್ರಿಯಲ್ಲಿ ನಮಗೆ ಪಠ್ಯವಾಗಿತ್ತು. ಆಗ ನನಗೆ 19. ಓದಿದ್ದೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಮೂರು ತಲೆಮಾರಿನ ಕಥೆ, 1941ರಲ್ಲಿ ಬಂದದ್ದು, ರಾಮ ಐತಾಳ, ಮಗ ಲಚ್ಚ, ಮೊಮ್ಮಗ ರಾಮ. ಪರೀಕ್ಷೆಗೆ ಮೊಮ್ಮಗನ ಪಾತ್ರದ ಬಗ್ಗೆ ಎರಡು ಪುಟ ಬರೆದು ಒಳ್ಳೆ ಅಂಕ ತೆಗೆದದ್ದೂ ನೆನಪುಂಟು.

ಈಗ ನನಗೆ 46. ಅರವತ್ತು ಪುಟ ದಾಟುವಷ್ಟರಲ್ಲಿ ಗೊತ್ತಾಯಿತು, ನಾನು ಆಗ ಓದಿದ್ದು ಗಂಡಸರ ಕಥೆ ಮಾತ್ರ. ಪಾರೋತಿ, ಸರಸೋತಿ ಇಬ್ಬರನ್ನೂ ದಾಟಿಕೊಂಡು ಹೋಗಿದ್ದೆ. ಒಬ್ಬಳು ಐತಾಳರ ಹೆಂಡತಿ, ಮಕ್ಕಳಿಲ್ಲ. ಇನ್ನೊಬ್ಬಳು ಅವರ ತಂಗಿ, ಸಣ್ಣ ಪ್ರಾಯದಲ್ಲೇ ವಿಧವೆ. ಐತಾಳರು ಪೌರೋಹಿತ್ಯಕ್ಕೆಂದು ಊರೂರು ಹೋದರೆ, ಮನೆ, ಹಟ್ಟಿ, ಗದ್ದೆ ಎಲ್ಲ ಈ ಇಬ್ಬರ ತಲೆ ಮೇಲೆ. ಪಾರ್ವತಿ, ಸರಸ್ವತಿ ಎಂಬ ಹೆಸರು ಬಾಯಲ್ಲಿ ಸವೆದು ಪಾರೋತಿ, ಸರಸೋತಿ ಆಗಿದೆ. ನಮ್ಮ ಅಜ್ಜಿಯನ್ನು ಕರೆಯುತ್ತಿದ್ದದ್ದೂ ಹೀಗೇ ಅಲ್ವಾ ಅನ್ನಿಸಿ ಪುಸ್ತಕ ಮಡಿಲಲ್ಲಿಟ್ಟು ಸ್ವಲ್ಪ ಹೊತ್ತು ಕೂತೆ. ಅಷ್ಟರಲ್ಲಿ ಕಾಗೆ ನಾಲ್ಕು ಹಪ್ಪಳ ಹೊತ್ತುಕೊಂಡು ಹೋಯಿತು.

ಕೇಳಬೇಕಾದದ್ದು ಇಷ್ಟೇ. ನೀವು ಯಾರಾದರೂ ಈ ಬೇಸಿಗೆಯಲ್ಲಿ ಹಳೆಯ ಪುಸ್ತಕ ಮತ್ತೆ ಓದುತ್ತಿದ್ದೀರಾ? ಮೊದಲ ಸಲ ಕಾಣದ್ದು ಏನು ಕಂಡಿತು? ಪುಸ್ತಕದ ಹೆಸರು ಮಾತ್ರ ಹೇಳಿ ಬಿಡಬೇಡಿ. ಕಂಡದ್ದನ್ನೂ ಬರೆಯಿರಿ.

ಪುತ್ತೂರು ಮಾಷ್ಟ್ರು · ಮೇ 3, ಸಂಜೆ 6.45

ಅಕ್ಕ, ಒಳ್ಳೆಯ ಪ್ರಶ್ನೆ. ನಾನು 33 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವ. ಪ್ರತಿ ಏಪ್ರಿಲ್‌ನಲ್ಲಿ ಒಂದು ಪುಸ್ತಕ ಮತ್ತೆ ಓದುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಈ ಸಲ ಕಾರಂತರದ್ದೇ 'ಬೆಟ್ಟದ ಜೀವ', 1943ರದ್ದು.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಸುಬ್ರಹ್ಮಣ್ಯದ ಕಡೆ ಹೊರಟ ಒಬ್ಬ ಯುವಕ ದಾರಿ ತಪ್ಪುತ್ತಾನೆ. ಊರಿನ ಇಬ್ಬರು ಅವನನ್ನು ಕಾಡಿನ ನಡುವೆ ಗೋಪಾಲಯ್ಯ, ಶಂಕರಮ್ಮ ಎಂಬ ಮುದುಕ ದಂಪತಿಯ ಮನೆಗೆ ತಲುಪಿಸುತ್ತಾರೆ. ಅವರ ಒಬ್ಬನೇ ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಬಂದವನು ಯಾರೇ ಆಗಲಿ, ಅವನಲ್ಲಿ ಮಗನ ಮುಖ ಹುಡುಕುತ್ತಾರೆ.

ಮೊದಲ ಸಲ ಓದುವಾಗ ನಾನು ಆ ಯುವಕ. ಕಾಡು, ಹುಲಿ, ಬೆಲ್ಲ ನೀರು, ಅಡಿಕೆ ತೋಟ, ಎಲ್ಲವೂ ಪ್ರವಾಸದ ಹಾಗೆ ಖುಷಿ ಕೊಟ್ಟಿತು. ಕೆಲಸಕ್ಕೆ ಸೇರಿದ ಮೇಲೆ ಓದಿದಾಗ ಗೋಪಾಲಯ್ಯನ ಛಲ ಕಂಡಿತು, ಕಾಡು ಕಡಿದು ತೋಟ ಎಬ್ಬಿಸಿದ ಕೈ. ಈಗ ನಮ್ಮ ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ. ಒಳ್ಳೆಯ ಮಕ್ಕಳು, ವಾರಕ್ಕೆರಡು ಸಲ ಫೋನು ಬರುತ್ತದೆ. ಆದರೂ ಈ ಸಲ ಶಂಕರಮ್ಮನಿಗಿಂತ ಮುಂದೆ ನನಗೆ ಹೋಗಲಿಕ್ಕೇ ಆಗಲಿಲ್ಲ. ಆಕೆ ಅತಿಥಿಗೆ ಮತ್ತೆ ಮತ್ತೆ ಬಡಿಸುವುದು ಬರೀ ಉಪಚಾರ ಎಂದು 40 ವರ್ಷ ಅಂದುಕೊಂಡಿದ್ದೆ. ತರಗತಿಯಲ್ಲಿ ಹಾಗೆಯೇ ಹೇಳಿಯೂ ಕೊಟ್ಟಿದ್ದೆ. 'ಅತಿಥಿ ಸತ್ಕಾರಕ್ಕೆ ಉದಾಹರಣೆ ಕೊಡಿ' ಎಂದು ಪ್ರಶ್ನೆಪತ್ರಿಕೆ ಮಾಡಿದವನೂ ನಾನೇ. ಆ ಮಕ್ಕಳನ್ನು ಮತ್ತೆ ಕೂರಿಸಿ ಇದನ್ನು ಹೇಳಬೇಕು ಅನ್ನಿಸುತ್ತದೆ.

ಸುರತ್ಕಲ್ ಹಾಸ್ಟೆಲ್ · ಮೇ 3, ರಾತ್ರಿ 10.05

ಒಂದು ಪ್ರಾಮಾಣಿಕ ಪ್ರಶ್ನೆ, ಯಾರೂ ಬೇಜಾರು ಮಾಡ್ಬೇಡಿ. ನನಗೆ 20 ವರ್ಷ. ರಜೆ ಇರುವುದು ಒಂದು ತಿಂಗಳು. ಓದದ ಪುಸ್ತಕ ಸಾವಿರ ಉಂಟು. ಒಂದೇ ಪುಸ್ತಕ ಎರಡು ಸಲ ಓದುವ ಬದಲು ಎರಡು ಪುಸ್ತಕ ಓದಬಹುದಲ್ವಾ? ಕಥೆ ಗೊತ್ತಿದ್ದ ಮೇಲೆ ಎಂತ ಉಳಿಯುತ್ತದೆ? ಹತ್ತನೇ ತರಗತಿ ಆದ ಮೇಲೆ ನಾನು ಕನ್ನಡ ಪುಸ್ತಕ ಮುಟ್ಟಿದ್ದೇ ಕಡಿಮೆ. ಎಲ್ಲಿಂದ ಶುರು ಮಾಡ್ಬೇಕು ಅಂತಲೂ ಗೊತ್ತಿಲ್ಲ.

ಬ್ರಹ್ಮಾವರ ಚೌಕಿ · ಮೇ 4, ಬೆಳಿಗ್ಗೆ 7.30

ತಮ್ಮಾ, ನೀನು ಯಕ್ಷಗಾನದ ಆಟ ನೋಡಿದ್ದೀಯಾ? ರಾತ್ರಿ ಪೂರ್ತಿ ಕೂತು ನೋಡಿದ್ದೀಯಾ?

ವಾಲಿ ವಧೆ ತೆಗೆದುಕೋ. ವಾಲಿ ಸಾಯುತ್ತಾನೆ ಎಂದು ಗದ್ದೆಯಲ್ಲಿ ಕೂತ ಸಣ್ಣ ಮಗುವಿಗೂ ಗೊತ್ತು. ಆದರೂ ಜನ ಹೋಗುತ್ತಾರೆ. ತಾಳಮದ್ದಳೆ ಆದರೆ ವೇಷವೂ ಇಲ್ಲ, ಕುಣಿತವೂ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಮಾತಾಡುತ್ತಾರೆ. ಪದ್ಯ ಎಲ್ಲಾ ಕಡೆ ಅದೇ. ಅರ್ಥ ಮಾತ್ರ ಆ ರಾತ್ರಿ ಅಲ್ಲೇ ಹುಟ್ಟಬೇಕು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುವ ಪ್ರಶ್ನೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ತರ. ಒಬ್ಬರ ವಾಲಿ ಸಿಟ್ಟಲ್ಲಿ ಕೇಳುತ್ತಾನೆ. ಇನ್ನೊಬ್ಬರ ವಾಲಿ ತಮ್ಮನ ಮುಖ ನೋಡಿಕೊಂಡು ಕೇಳುತ್ತಾನೆ. ನಾನು ಈ ಪ್ರಸಂಗ ಕಡಿಮೆಯೆಂದರೆ ಮೂವತ್ತು ಸಲ ಕೇಳಿರಬಹುದು. ಸಾಕು ಅನ್ನಿಸಿಲ್ಲ.

ಪುಸ್ತಕದ ಪುಟ ಪದ್ಯ ಇದ್ದ ಹಾಗೆ. ಅರ್ಥ ಹೇಳುವವ ಓದುವವನೇ. ಇಪ್ಪತ್ತರಲ್ಲಿ ಹೇಳುವ ಅರ್ಥ ಐವತ್ತರಲ್ಲಿ ಬರುವುದಿಲ್ಲ. ಹತ್ತನಾವಧಿಯ ದಿನ ಮೇಳಗಳು ಗೆಜ್ಜೆ ಬಿಚ್ಚಿ ಈ ವರ್ಷದ ತಿರುಗಾಟ ಮುಗಿಸುತ್ತವೆ, ಅದಕ್ಕೆ ಇನ್ನು ಮೂರು ವಾರವೂ ಇಲ್ಲ. ಅಷ್ಟರೊಳಗೆ ಒಂದು ಆಟ ನೋಡು. ಆಮೇಲೆ ಬಂದು ಇದೇ ಪ್ರಶ್ನೆ ಕೇಳು.

ನೇತ್ರಾವತಿ ಬದಿಯವ · ಮೇ 4, ರಾತ್ರಿ 9.40

ನನ್ನದು ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಮ್ಮ ಮನೆ ಬಂಟ್ವಾಳದ ಹತ್ತಿರ. ಅಮ್ಮ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಬೀಡಿ ಕಟ್ಟಿ ನಮ್ಮ ಮೂವರನ್ನು ಓದಿಸಿದರು. ನಾನು ಪಿಯುಸಿಯಲ್ಲಿದ್ದಾಗ ಒಂದು ಬೇಸಿಗೆ, ಅಮ್ಮ ಮತ್ತು ನೆರೆಮನೆಯ ಇಬ್ಬರು ಅಕ್ಕಂದಿರು ಚಾವಡಿಯಲ್ಲಿ ಕೂತು ಬೀಡಿ ಕಟ್ಟುವಾಗ ನಾನು ಗಟ್ಟಿಯಾಗಿ ಕಾರಂತರ 'ಚೋಮನ ದುಡಿ' ಓದಿದೆ. ಶಾಲೆಯ ಲೈಬ್ರರಿಯಿಂದ ತಂದದ್ದು. ಮನೆಯಲ್ಲಿ ನಾವು ಮಾತಾಡುವುದು ತುಳು. ಕನ್ನಡದಲ್ಲಿ ಒಂದು ಪುಟ ಓದುವುದು, ತುಳುವಿನಲ್ಲಿ ವಿವರಿಸುವುದು, ಹಾಗೆ ನಾಲ್ಕು ದಿನ. ಸಂಜೆ ಕಟ್ಟು ಲೆಕ್ಕ ಮಾಡಿ ಬೀಡಿ ಬ್ರಾಂಚಿಗೆ ಕೊಟ್ಟು ಬಂದ ಮೇಲೆ ಅಮ್ಮ ಕೇಳುತ್ತಿದ್ದರು, ನಾಳೆ ಎಲ್ಲಿಂದ ಓದುತ್ತಿ ಎಂದು.

ನನಗೆ ಆಗ ಅದು ಬಡತನದ ಕಥೆ. ಪಾಪ ಚೋಮ, ಅಷ್ಟೇ. ಅಮ್ಮ ಕೇಳಿದ್ದು ಬೇರೆ. ಒಂದು ಜಾಗದಲ್ಲಿ ಅವರ ಕೈ ನಿಂತಿತು. ಎಲೆ ಅರ್ಧ ಸುರುಳಿ, ನೂಲು ಹಲ್ಲಿನಲ್ಲಿ. "ಎತ್ತು ಉಂಟಲ್ಲ ಅವನ ಹತ್ರ. ಗೇಣಿಗಾದರೂ ಒಂದು ತುಂಡು ಗದ್ದೆ ಯಾಕೆ ಕೊಡುವುದಿಲ್ಲ?" ನಾನು ಹೇಳಿದೆ, ಜಾತಿ ಕಾರಣಕ್ಕೆ. ಅಮ್ಮ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು, "ನಮಗೆ ಗೇಣಿಗಾದರೂ ಇತ್ತು."

ಆ ಮಾತಿನ ತೂಕ ನನಗೆ ಗೊತ್ತಾದದ್ದು ಹೋದ ವರ್ಷ, ಎರಡನೇ ಸಲ ಓದುವಾಗ. ನಮ್ಮ ಅಜ್ಜ ಒಕ್ಕಲು. 1974ರ ಭೂಸುಧಾರಣೆ ಕಾನೂನು ಬಂದ ಮೇಲೆ ಗೇಣಿಗೆ ಇದ್ದವರೆಂದು ಡಿಕ್ಲರೇಶನ್ ಹಾಕಿ ನಮಗೆ ಜಾಗ ಆಯಿತು. ಉಳುವವನಿಗೆ ಭೂಮಿ ಅಂದರು, ಸರಿ. ಆದರೆ ಆ ಕಾನೂನು ಕೇಳಿದ್ದು ಗೇಣಿಗೆ ಯಾರಿದ್ದೀರಿ ಎಂದು. ಚೋಮನಂಥವರಿಗೆ ಗೇಣಿಯೇ ಸಿಕ್ಕಿರಲಿಲ್ಲವಲ್ಲ. ಪುಸ್ತಕ ಬಂದದ್ದು 1933ರಲ್ಲಿ. ಕಾನೂನಿಗೆ 41 ವರ್ಷ ಮೊದಲು. ನನ್ನ ತಲೆಗೆ ಹೋಗಲು ಇಷ್ಟು ವರ್ಷ ಬೇಕಾಯಿತು. ಅಮ್ಮನಿಗೆ ಕೇಳಿದ ಕೂಡಲೇ ಗೊತ್ತಾಗಿತ್ತು.

ಈಗ ಅಮ್ಮನ ಕಣ್ಣು ಮಂದ. ಹೋದ ಮೇ ತಿಂಗಳಲ್ಲಿ ಮತ್ತೆ ಅದೇ ಪುಸ್ತಕ ಕೊಂಡು ತಂದು ಓದಿ ಹೇಳಿದೆ. ನಾನು ಬಾಯಿ ತೆರೆಯುವ ಮೊದಲೇ ಚೋಮನ ಮಕ್ಕಳ ಹೆಸರು ಒಂದೊಂದಾಗಿ ಹೇಳಿದರು. ಚನಿಯ, ಗುರುವ, ಬೆಳ್ಳಿ, ಕಾಳ, ನೀಲ. ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಆಗಿತ್ತು.

ವಿದ್ಯೆ ಅಂದರೆ ಡಿಗ್ರಿ ಅಂತ ಹೇಳುವವರಿಗೆ ನಾನು ಈ ಚಾವಡಿಯ ಕಥೆ ಹೇಳುತ್ತೇನೆ.

ಕಲ್ಯಾಣಪುರದಾಕೆ · ಮೇ 5, ಬೆಳಿಗ್ಗೆ 6.50

ಅಣ್ಣ, ನಿಮ್ಮ ಬರಹ ಅಮ್ಮನಿಗೆ ಓದಿ ಹೇಳಿದೆ. ನಿಮ್ಮ ಅಮ್ಮನಿಗೆ ನಮ್ಮ ಅಮ್ಮನ ನಮಸ್ಕಾರ.

ಕಾಪುವಿನಿಂದ · ಮೇ 5, ಬೆಳಿಗ್ಗೆ 11.15

ನಾನು ಪಂಚಾಯತ್ ಲೈಬ್ರರಿಗೆ ವಾರಕ್ಕೆ ಎರಡು ದಿನ ಹೋಗಿ ಮಕ್ಕಳಿಗೆ ಕಥೆ ಓದಿ ಹೇಳುತ್ತೇನೆ. ಸಂಬಳದ ಕೆಲಸ ಅಲ್ಲ, ಮನಸ್ಸಿಗೆ ಬೇಕಾಗಿ. ಹಾಸ್ಟೆಲ್ ತಮ್ಮನಿಗೆ ಮತ್ತು ಎಲ್ಲರಿಗೂ ಒಂದೆರಡು ಉಪಯೋಗದ ವಿಷಯ ಹೇಳುತ್ತೇನೆ.

ಗ್ರಾಮ ಪಂಚಾಯತ್ ಲೈಬ್ರರಿಗೆ ಈಗ ಅರಿವು ಕೇಂದ್ರ ಎಂದು ಹೆಸರು. 2020ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಶುರುವಾದಾಗಿನಿಂದ ಮಕ್ಕಳಿಗೆ ಸದಸ್ಯತ್ವಕ್ಕೆ ದುಡ್ಡಿಲ್ಲ. ಪೇಟೆಯವರು ಕಟ್ಟುವ ಮನೆ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ ಲೈಬ್ರರಿ ಕರ, 1965ರ ಕಾಯ್ದೆಯಿಂದ ಬಂದದ್ದು. ಅಂದರೆ ಸಾರ್ವಜನಿಕ ಲೈಬ್ರರಿಯ ಪುಸ್ತಕ ನಮ್ಮದೇ ದುಡ್ಡಿನದ್ದು. ತೆಗೆದುಕೊಂಡು ಓದದಿದ್ದರೆ ನಷ್ಟ ನಮಗೇ.

ಬೇಜಾರಿನ ವಿಷಯವೂ ಉಂಟು. ಹೆಸರು ಬೇಡ, ಒಂದು ಕಡೆ ಹಳೆಯ ಪುಸ್ತಕ ಯಾರೂ ಕೇಳುವುದಿಲ್ಲ ಎಂದು ಮೂಟೆ ಕಟ್ಟಿ ರದ್ದಿಗೆ ಹಾಕಿದ್ದು ನೋಡಿದೆ. ರಟ್ಟು ಬಿಚ್ಚಿದ ಕಾದಂಬರಿಗಳು, ಮಕ್ಕಳ ವಿಶ್ವಕೋಶದ ಬಿಡಿ ಸಂಪುಟ. ಯಾರೂ ಕೇಳದ್ದು ಏಕೆಂದರೆ ಕಪಾಟಿಗೆ ಬೀಗ ಇತ್ತು. ಎರಡು ದಿನ ಅನ್ನ ಸೇರಲಿಲ್ಲ ನನಗೆ. ಸ್ವಲ್ಪ ಬಿಡಿಸಿಕೊಂಡು ಬಂದೆ.

ಆ ಬಿಡಿಸಿಕೊಂಡು ಬಂದದ್ದರಲ್ಲಿ ಪಂಜೆ ಮಂಗೇಶರಾಯರ ಮಕ್ಕಳ ಪದ್ಯಗಳ ಪುಸ್ತಕ ಒಂದಿತ್ತು. 'ನಾಗರಹಾವೆ' ಪದ್ಯ ನಿಮಗೆಲ್ಲ ಬಾಯಿಗೆ ಬರುತ್ತದೆ. ಅದನ್ನು ಬರೆದವರು ನಮ್ಮ ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದವರು ಎಂದಾಗ ಮಕ್ಕಳಿಗೆ ನಂಬಲಿಕ್ಕೇ ಆಗಲಿಲ್ಲ. ಪುಸ್ತಕ ಬರೆಯುವವರು ಎಲ್ಲೋ ದೂರದಲ್ಲಿ ಇರುತ್ತಾರೆ ಎಂದು ಅಂದುಕೊಂಡಿದ್ದರು. ಈಗ ದಿನಾ ಅದೇ ಪದ್ಯ ಮತ್ತೆ ಹೇಳಿ ಎನ್ನುತ್ತಾರೆ. ಗಮನಿಸಿ, ಮಕ್ಕಳಿಗೆ ಮತ್ತೆ ಓದುವುದು ಬೇಜಾರೇ ಅಲ್ಲ. ಒಂದೇ ಕಥೆ ಹತ್ತು ಸಲ ಬೇಕು ಅವರಿಗೆ. ಶಾಲೆ, ಪರೀಕ್ಷೆ, ಗಡಿಬಿಡಿ ಶುರುವಾದ ಮೇಲೆ ನಾವೇ ಬಿಡಿಸುತ್ತೇವೆ ಆ ಅಭ್ಯಾಸವನ್ನು.

ಸುರತ್ಕಲ್ ಹಾಸ್ಟೆಲ್ · ಮೇ 5, ರಾತ್ರಿ 11.30

ಎಲ್ಲರಿಗೂ ಥ್ಯಾಂಕ್ಸ್. ಆಟದ ಉದಾಹರಣೆ ನನಗೆ ಸರಿಯಾಗಿ ತಾಗಿತು. ನಮ್ಮ ಅಜ್ಜ ಕೂಡ ಹಾಗೇ, ಒಂದೇ ಪ್ರಸಂಗಕ್ಕೆ ಹತ್ತು ಮೈಲಿ ಹೋಗ್ತಿದ್ರು.

ಎರಡು ಪ್ರಶ್ನೆ. ಒಂದು, ಈ ಪುಸ್ತಕಗಳ ಪಿಡಿಎಫ್ ಸಿಗುತ್ತಾ? ಎರಡು, ಹಳೆಯ ಕನ್ನಡ ಪದ ಗೊತ್ತಾಗದಿದ್ದರೆ ಎಂತ ಮಾಡುದು? ನಾನು ಮುದ್ದಣನ 'ರಾಮಾಶ್ವಮೇಧ' ಒಮ್ಮೆ ತೆರೆದು ಒಂದು ಪುಟಕ್ಕೆ ಮುಚ್ಚಿಟ್ಟಿದ್ದೆ.

ಪುತ್ತೂರು ಮಾಷ್ಟ್ರು · ಮೇ 6, ಬೆಳಿಗ್ಗೆ 8.00

ಮೊದಲನೆಯದಕ್ಕೆ ಉತ್ತರ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಕಾರಂತರು ಹೋದದ್ದು 1997ರಲ್ಲಿ. ಹಾಗಾಗಿ ಅವರ ಪುಸ್ತಕ ಕೊಂಡು ಓದಬೇಕು, ಇಲ್ಲವೇ ಲೈಬ್ರರಿಯಿಂದ ತರಬೇಕು. ಪಿಡಿಎಫ್ ಹಂಚಬೇಡಿ. ಮುದ್ದಣ, ಪಂಜೆಯವರದ್ದು ಯಾವತ್ತೋ ಮುಕ್ತವಾಗಿದೆ. ಕವಿ ಮಂಜೇಶ್ವರ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು, ಅವರದ್ದೂ 2024ರಿಂದ ಮುಕ್ತ.

ಎರಡನೆಯದು ನನಗೆ ತುಂಬಾ ಇಷ್ಟದ ವಿಷಯ. ಮುದ್ದಣ ಯಾರು ಗೊತ್ತಾ ಮಗಾ? ನಂದಳಿಕೆಯ ಲಕ್ಷ್ಮೀನಾರಾಯಣಪ್ಪ. ಉಡುಪಿಯಲ್ಲಿ ಡ್ರಿಲ್ ಮಾಷ್ಟ್ರಾಗಿದ್ದವರು. ಮಕ್ಕಳಿಗೆ ಕಸರತ್ತು ಕಲಿಸಿ ಮನೆಗೆ ಬಂದು ಹಳಗನ್ನಡದಲ್ಲಿ ಕಾವ್ಯ ಬರೆದರು. ತನ್ನದು ಎಂದು ಹೇಳಲು ಸಂಕೋಚ. ಹಳೆಯ ಗ್ರಂಥ ಸಿಕ್ಕಿತು ಎಂದು ಮೈಸೂರಿನ ಪತ್ರಿಕೆಗೆ ಕಳಿಸಿದರು. ಕ್ಷಯ ಹಿಡಿದು 1901ರಲ್ಲಿ ತೀರಿಕೊಂಡಾಗ ಪ್ರಾಯ 31. ಅಷ್ಟು ಸಣ್ಣ ಸಂಬಳ, ಅಷ್ಟು ಸಣ್ಣ ಆಯುಷ್ಯ. ಅದರಲ್ಲಿ ಅಷ್ಟು ಓದಿದರು, ಅಷ್ಟು ಬರೆದರು. ಇದನ್ನು ಹೇಳುವಾಗ ತರಗತಿಯಲ್ಲಿ ನನ್ನ ಗಂಟಲು ಕಟ್ಟುತ್ತಿತ್ತು. ಈಗಲೂ ಹಾಗೇ.

ಆ ಪುಸ್ತಕ ಮೊದಲಿನಿಂದ ಓದಬೇಡ. ನಡುನಡುವೆ ಮುದ್ದಣ ಮತ್ತು ಹೆಂಡತಿ ಮನೋರಮೆ ಮಾತಾಡುವ ಭಾಗ ಉಂಟು, ಮಳೆಗಾಲದ ಸಂಜೆ ಗಂಡ ಹೆಂಡತಿ ಹರಟುವುದು. ಅದನ್ನು ಮಾತ್ರ ಹೆಕ್ಕಿ ಓದು. ಬಾಯಿಬಿಟ್ಟು ಓದು. ಕಣ್ಣಿಗೆ ಕಷ್ಟ ಕಂಡ ಪದ ಕಿವಿಗೆ ಸುಲಭ ಆಗುತ್ತದೆ, ಇದು ನಾನು ಸಾವಿರ ಮಕ್ಕಳಲ್ಲಿ ನೋಡಿದ್ದು. ಮನೋರಮೆ ಸಂಸ್ಕೃತ ಜಾಸ್ತಿ ಆಯಿತು ಎಂದು ಗಂಡನನ್ನು ತಡೆಯುತ್ತಾಳೆ, ತಿರುಳ್ಗನ್ನಡದಲ್ಲಿ ಹೇಳು ಎನ್ನುತ್ತಾಳೆ. ನಿನ್ನ ಕಷ್ಟ ಅವಳಿಗೂ ಇತ್ತು, ನೋಡು.

ಆಮೇಲೂ ಗೊತ್ತಾಗದ ಪದಕ್ಕೆ ಕಿಟೆಲ್ ಕೋಶ. ಸುಮಾರು 70,000 ಪದಗಳ ಆ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಪದದ ಅರ್ಥ ಇಂಗ್ಲಿಷಿನಲ್ಲಿ ಇರುತ್ತದೆ, ನಿಮಗೆ ಅದು ಇನ್ನೂ ಸುಲಭ. ಅಲ್ಲಲ್ಲಿ ಗಾದೆಯೂ ಕೊಟ್ಟಿದ್ದಾನೆ. ಒಂದು ಪದಕ್ಕೆಂದು ತೆರೆದರೆ ಒಂದು ಗಂಟೆ ಹೋಗುತ್ತದೆ, ಅದೂ ಓದೇ.

ಕಾರಂತರ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಗಾಂಧೀಜಿಯ ಅಸಹಕಾರ ಚಳವಳಿಗೆಂದು ಕಾಲೇಜು ಬಿಟ್ಟ ಹುಡುಗ ಅವರು. ಡಿಗ್ರಿ ಇಲ್ಲ. ನಮ್ಮ ಪುತ್ತೂರಿನಲ್ಲಿ ಕೂತು ಮಕ್ಕಳಿಗೆ 'ಬಾಲ ಪ್ರಪಂಚ' ಎಂದು ಮೂರು ಸಂಪುಟದ ವಿಶ್ವಕೋಶ ಒಬ್ಬರೇ ಬರೆದರು. ಆಮೇಲೆ ನಾಲ್ಕು ಸಂಪುಟದ 'ವಿಜ್ಞಾನ ಪ್ರಪಂಚ'. ಬರೆಯುವ ಮೊದಲು ಅಷ್ಟನ್ನೂ ತಾವೇ ಕಲಿಯಬೇಕಿತ್ತಲ್ಲ. ಅವರಿದ್ದ ಬಾಲವನಕ್ಕೆ ಹೋದಾಗಲೆಲ್ಲ ನನಗೆ ಇದೇ ನೆನಪಾಗುವುದು.

ಬ್ರಹ್ಮಾವರ ಚೌಕಿ · ಮೇ 6, ಬೆಳಿಗ್ಗೆ 9.10

ಮಾಷ್ಟ್ರೆ, ಮನೋರಮೆಯ ಮಾತು ಗಟ್ಟಿಯಾಗಿ ಓದಿ ಒಂದು ಧ್ವನಿ ಹಾಕಿ ಕಳಿಸಿ. ನಾವು ಎಲ್ಲರೂ ಕೇಳುತ್ತೇವೆ.

ನೇತ್ರಾವತಿ ಬದಿಯವ · ಮೇ 6, ರಾತ್ರಿ 8.20

ಪುಸ್ತಕ ಕೊಳ್ಳುವ ಮಾತು ಬಂದಾಗ ಮಂಗಳೂರು ಬಲ್ಮಠದ ಅತ್ರಿ ಬುಕ್ ಸೆಂಟರ್ ನೆನಪಾಯಿತು. 2012ರಲ್ಲಿ ಮುಚ್ಚಿದಾಗ ಮನೆಯವರು ಯಾರೋ ಹೋದ ಹಾಗೆ ಆಗಿತ್ತು. ನನ್ನ ಮೊದಲ ಸಂಬಳದಲ್ಲಿ ಪುಸ್ತಕ ಕೊಂಡದ್ದು ಅಲ್ಲಿ.

ಸುರತ್ಕಲ್ ಹಾಸ್ಟೆಲ್ · ಮೇ 13, ಮಧ್ಯಾಹ್ನ 1.15

ವರದಿ ಒಪ್ಪಿಸ್ತಿದ್ದೇನೆ. 'ಮರಳಿ ಮಣ್ಣಿಗೆ' ಲೈಬ್ರರಿಯಿಂದ ತಂದೆ. ಮೊದಲ ಮೂರು ದಿನ ಹತ್ತು ಪುಟಕ್ಕೆ ಒಮ್ಮೆ ಫೋನ್ ನೋಡ್ತಿದ್ದೆ. ನಾಲ್ಕನೇ ದಿನ ಫೋನ್ ಅಕ್ಕನ ಹತ್ರ ಕೊಟ್ಟು ಗುಡ್ಡೆಯ ಗೇರುಮರದ ಬುಡಕ್ಕೆ ಹೋಗಿ ಕೂತೆ. ಅರ್ಧ ದಾಟಿದ್ದೇನೆ ಈಗ.

ನನಗೆ ಕಂಡದ್ದು ಹೇಳ್ಲಾ? ಲಚ್ಚನನ್ನು ಪೇಟೆಗೆ ಕಳಿಸಿ ಇಂಗ್ಲಿಷ್ ಓದಿಸ್ತಾರಲ್ಲ, ಅಲ್ಲಿ ಸ್ವಲ್ಪ ಕಷ್ಟ ಆಯ್ತು. ಅಪ್ಪನಿಗೆ ಮಗ ಏನು ಕಲಿತ ಅಂತ ಮುಖ್ಯ ಅಲ್ಲ. ನೆರೆಯ ಶೀನ ಮಯ್ಯರ ಎದುರು ತಲೆ ಎತ್ತಬೇಕು. ಹುಡುಗ ಓದಿದ, ಆದರೆ ಕಲಿಯಲಿಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ಹಾಗೆ ಕಳಿಸಲ್ಪಟ್ಟವರು ಎಷ್ಟು ಜನ ಇದ್ದಾರೆ. ನಾನೂ ಇರಬಹುದು. ಕಾಲೇಜಿನಲ್ಲಿ ಬ್ರಾಂಚ್ ಆರಿಸುವಾಗ ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

ಮುಗಿಸಿ ಬರ್ತೇನೆ. ಹತ್ತು ವರ್ಷ ಆದ ಮೇಲೆ ಮತ್ತೆ ಓದ್ತೇನೆ ಅಂತ ಕೊನೆ ಪುಟದಲ್ಲಿ ತಾರೀಕು ಬರೆಯುವ ಅಂದುಕೊಂಡೆ. ಲೈಬ್ರರಿ ಪುಸ್ತಕ ಅಲ್ವಾ, ಬರೆಯಲಿಲ್ಲ. ಸ್ವಂತ ಪ್ರತಿ ಕೊಳ್ತೇನೆ.

ಕಲ್ಯಾಣಪುರದಾಕೆ · ಮೇ 16, ಸಂಜೆ 5.30

ತಮ್ಮಾ, ನಿನ್ನ ಬರಹ ಎರಡು ಸಲ ಓದಿದೆ. ಮುಂದೆ ಮೊಮ್ಮಗ ರಾಮನ ಓದು ಬರುತ್ತದೆ, ಮದರಾಸು, ಚಳವಳಿ, ಜೈಲು. ಅದನ್ನೂ ಲಚ್ಚನ ಓದಿನ ಪಕ್ಕ ಇಟ್ಟು ನೋಡು. ಒಂದು ಓದು ಮನೆಯಿಂದ ಬಿಡಿಸಿತು, ಇನ್ನೊಂದು ಮನೆಗೆ ದಾರಿ ತೋರಿಸಿತು. 19ರಲ್ಲಿ ನಾನು ಬರೆದ ಎರಡು ಪುಟದಲ್ಲಿ ಇದು ಇರಲಿಲ್ಲ.

ಕೊನೆ ಪುಟದಲ್ಲಿ ತಾರೀಕು ಬರೆಯುವ ಮಾತು ಎತ್ತಿದೆಯಲ್ಲ. ನಮ್ಮ ಮನೆಯ ಪ್ರತಿಯ ಹಿಂದಿನ ಖಾಲಿ ಪುಟದಲ್ಲಿ ಪೆನ್ಸಿಲಿನಲ್ಲಿ ಹಾಲಿನ ಲೆಕ್ಕ ಉಂಟು. ಅಮ್ಮನ ಅಕ್ಷರ. ಸೋಮವಾರ ಎರಡು ಕುಡ್ತೆ, ಮಂಗಳವಾರ ಎರಡು ಕುಡ್ತೆ, ಬುಧವಾರ ಕರು ಕುಡಿಯಿತು. ಹೀಗೆ ಪುಟ ತುಂಬಿ ಒಳರಟ್ಟಿನವರೆಗೆ. ಪುಸ್ತಕ ಮೊದಲು ನನ್ನದು, ನಾನು ಕಾಲೇಜು ಮುಗಿಸಿ ಮೂಲೆಗೆ ಹಾಕಿದ್ದೆ. ಅಮ್ಮ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಕಲಿತವರು. ಲೆಕ್ಕಕ್ಕೆ ಬೇರೆ ಕಾಗದ ಇರಲಿಲ್ಲವಾ ಎಂದು ಕೇಳಿದೆ.

"ಕೈಯಲ್ಲಿ ಅದೇ ಇರ್ತಿತ್ತಲ್ಲ" ಅಂದರು.

ಹಟ್ಟಿಯ ಜಗಲಿಯಲ್ಲಿ, ಹಾಲು ಕೊಂಡುಹೋಗುವವರು ಬರುವವರೆಗೆ, ದಿನಕ್ಕೆ ಮೂರು ನಾಲ್ಕು ಪುಟ. ಒಂದು ಮಳೆಗಾಲದಲ್ಲಿ ಮುಗಿಸಿ ಮುಂದಿನ ಮಳೆಗಾಲಕ್ಕೆ ಮತ್ತೆ ಮೊದಲಿನಿಂದ. ಒಟ್ಟು ಮೂರು ಸಲ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಸರಸೋತಿಯ ಬಗ್ಗೆ ಕೇಳಿದೆ. ಅಮ್ಮ ಒಂದು ಗಂಟೆ ಮಾತಾಡಿದರು. ಅಷ್ಟು ಹೊತ್ತು ಅಮ್ಮ ಒಂದು ವಿಷಯದ ಬಗ್ಗೆ ಮಾತಾಡಿದ್ದು ನಾನು ಕೇಳಿದ್ದು ಇದೇ ಮೊದಲು.

ನಾಡಿದ್ದು ಭಾನುವಾರ ನನ್ನ ರಜೆ ಮುಗಿಯುತ್ತದೆ. ಹಪ್ಪಳ ಡಬ್ಬಿಗೆ ತುಂಬಿ ಆಯಿತು. ಪುಸ್ತಕಗಳನ್ನು ಬೇವಿನ ಸೊಪ್ಪು ಹಾಕಿ ಮತ್ತೆ ಗೋಣಿಗೆ ತುಂಬಿದೆವು, ಒಂದನ್ನು ಬಿಟ್ಟು. ಇನ್ನೂ ನೂರು ಪುಟ ಬಾಕಿ ಇತ್ತು, ಊರಿಗೆ ಒಯ್ಯುವ ಅಂದುಕೊಂಡಿದ್ದೆ. ಅಮ್ಮ ಕನ್ನಡಕ ಹಾಕಿ ಜಗಲಿಯಲ್ಲಿ ಕೂತಿದ್ದಾರೆ, ಪುಸ್ತಕ ಅವರ ಕೈಯಲ್ಲಿ ಉಂಟು. ನಾನು ಇಲ್ಲಿಂದ ಹೋಗುವ ದಾರಿಯಲ್ಲಿ ಉಡುಪಿಯಲ್ಲಿ ಇಳಿದು ಇನ್ನೊಂದು ಪ್ರತಿ ಕೊಳ್ಳುತ್ತೇನೆ.